ಅಮೆರಿಕದ ಅರೆಕಾಲಿಕ ನ್ಯಾನಿ: ತೆರಿಗೆ ಲೆಕ್ಕ ನೀವೇ ಬರೆಯುವುದೋ, ಪೇರೋಲ್ ಸೇವೆಗೆ ಒಪ್ಪಿಸುವುದೋ?

ಮನೆಗೆ ಬಂದು ಮಗುವನ್ನು ನೋಡಿಕೊಳ್ಳುವಾಕೆ ವಾರಕ್ಕೆ ಹದಿನೈದೇ ಗಂಟೆ ದುಡಿದರೂ ಸಾಮಾನ್ಯವಾಗಿ ನಿಮ್ಮ ನೌಕರಳೇ. ಗುತ್ತಿಗೆದಾರಳೆಂದು 1099 ನಮೂನೆ ಕೊಟ್ಟು ಕೈತೊಳೆದುಕೊಳ್ಳುವುದು ತಪ್ಪು. ವರ್ಷದ ನಗದು ಸಂಬಳ ನಿಗದಿತ ಮಿತಿ ಮುಟ್ಟಿದರೆ (2025ರಲ್ಲಿ ಅದು 2,800 ಡಾಲರ್ ಇತ್ತು) ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಬೀಳುತ್ತದೆ. ಅವಳ ಮುಪ್ಪಿನ ಪಿಂಚಣಿ, ಆರೋಗ್ಯ ವಿಮೆಗಳ ಹಕ್ಕು ಈ ತೆರಿಗೆಯಿಂದಲೇ ಎಂಬುದನ್ನು ದಯವಿಟ್ಟು ಮರೆಯಬೇಡಿ.

ನೀವೇ ಮಾಡಿದರೆ ಲೆಕ್ಕವೇನೂ ಕಠಿಣವಲ್ಲ. ವಾರಕ್ಕೆ 300 ಡಾಲರ್ ಸಂಬಳವೆನ್ನಿ. ಶೇ 7.65ರಂತೆ 22.95 ಡಾಲರ್ ಅವಳ ಸಂಬಳದಿಂದ ಹಿಡಿಯಬೇಕು, ಅಷ್ಟನ್ನೇ ನೀವೂ ಸೇರಿಸಬೇಕು. ವಾರಕ್ಕೆ ಒಟ್ಟು 45.90. ಉದ್ಯೋಗದಾತರ ಗುರುತಿನ ಸಂಖ್ಯೆ ಪಡೆಯಬೇಕು, ವರ್ಷ ಕಳೆದ ಮೇಲೆ ಜನವರಿ ಕೊನೆಯೊಳಗೆ ಅವಳಿಗೆ ಡಬ್ಲ್ಯು-2 (ವರ್ಷದ ಸಂಬಳ, ತೆರಿಗೆ ಕಡಿತದ ವಿವರಪತ್ರ) ಕೊಡಬೇಕು, ನಿಮ್ಮ ವಾರ್ಷಿಕ ರಿಟರ್ನ್‌ಗೆ ಮನೆಗೆಲಸದವರ ತೆರಿಗೆಯ ನಮೂನೆಯಾದ ಶೆಡ್ಯೂಲ್ ಎಚ್ ಲಗತ್ತಿಸಬೇಕು. ಇಡೀ ಮೊತ್ತವನ್ನು ರಿಟರ್ನ್ ಸಲ್ಲಿಸುವ ಏಪ್ರಿಲ್‌ಗೆ ಉಳಿಸಿಕೊಂಡರೆ ದಂಡ ಬೀಳಬಹುದು. ನಿಮ್ಮ ಸ್ವಂತ ಸಂಬಳದಲ್ಲಿ ತೆರಿಗೆ ಕಡಿತವನ್ನು ಹೆಚ್ಚಿಸಿಕೊಳ್ಳುವುದು ಸುಲಭದ ದಾರಿ.

ಪೇರೋಲ್ ಸೇವೆಗೆ, ಅಂದರೆ ಸಂಬಳ ಮತ್ತು ತೆರಿಗೆಯ ಲೆಕ್ಕವನ್ನು ನಿಮ್ಮ ಪರವಾಗಿ ನೋಡಿಕೊಳ್ಳುವ ಸಂಸ್ಥೆಗೆ, ಶುಲ್ಕ ತೆರಬೇಕು. ಕಡಿಮೆ ಗಂಟೆಯ ಕೆಲಸಕ್ಕೆ ಅದು ಭಾರವೆನಿಸುತ್ತದೆ. ಆದರೆ ಉದ್ಯೋಗದಾತರು ರಾಜ್ಯಕ್ಕೆ ಕಟ್ಟುವ ನಿರುದ್ಯೋಗ ವಿಮೆಯ ಕೆಲಸವನ್ನೂ ಅವರೇ ನೋಡಿಕೊಂಡರೆ ದೊಡ್ಡ ಹೊರೆ ಇಳಿಯುತ್ತದೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಗಡುವು ಹಲವೆಡೆ ತ್ರೈಮಾಸಿಕ. ಮನೆಯಲ್ಲಿ ಲೆಕ್ಕ ಇಡುವವರು ಎಡವುವುದು ಇಲ್ಲಿಯೇ. ಆದರೂ ಪೇರೋಲ್ ಸೇವೆಯವರು ತಪ್ಪಿದರೆ ತೆರಿಗೆಯ ಹೊಣೆ ನಿಮ್ಮದೇ.

ಸಂಬಳ ಪ್ರತಿ ವಾರ ಒಂದೇ ಆಗಿದ್ದು, ರಾಜ್ಯದ ನಮೂನೆಗಳು ಸರಳವಾಗಿದ್ದರೆ ನೀವೇ ಮಾಡಿ. ಗಂಟೆಗಳು ಏರುಪೇರಾಗುತ್ತಿದ್ದರೆ, ಗಡುವು ನೆನಪಿಡಲು ಪುರುಸೊತ್ತಿಲ್ಲದಿದ್ದರೆ ಶುಲ್ಕ ತೆರುವುದೇ ಮೇಲು.