ಅಪ್ಪನ ಕೈಯ ಬ್ಯಾಂಡ್: 14 ತಿಂಗಳ ಬಳಕೆಯ ಅನುಭವ

ಅಪ್ಪ ಅವ್ವ ವಿಜಯಪುರದಲ್ಲಿ, ನಾನು ಬೆಳಗಾವಿಯಲ್ಲಿ. ನೆನೆದಾಗೆಲ್ಲ ಹೋಗಿ ನೋಡಿ ಬರುವಷ್ಟು ಹತ್ತಿರ ಅಲ್ಲ. ಅಪ್ಪನಿಗೆ ಬೈಪಾಸ್ ಆದ ಮೇಲೆ ಫಿಜಿಯೋ ಮೇಡಂ ಹೇಳಿದ್ದಕ್ಕೆ ಈ ಬ್ಯಾಂಡ್ ತಂದೆವು. ಹೆಜ್ಜೆ, ನಡೆದ ಸಮಯ, ಹೃದಯ ಬಡಿತ ಎಲ್ಲ ಅಪ್ಪನ ಫೋನಿಗೆ ಹೋಗಿ, ಅಲ್ಲಿಂದ ನನಗೂ ಮೇಡಂಗೂ ಕಾಣುತ್ತದೆ.

ಮೂರನೇ ತಿಂಗಳಲ್ಲಿ ಹೆಜ್ಜೆಗಳು ಅರ್ಧಕ್ಕರ್ಧ ಇಳಿದವು. ನನ್ನ ಎದೆ ಧಸಕ್ಕೆಂದಿತು. ಫೋನ್ ಮಾಡಿದರೆ ಅಪ್ಪ, "ಅಲ್ಲವ್ವಾ, ಗುಮ್ಮಟದ ತೋಟದಾಗ ದಿನಾ ಎರಡ ಸುತ್ತ ಹಾಕಾಕತ್ತೀನಿ, ಒಂದ ದಿನಾನೂ ಬಿಟ್ಟಿಲ್ಲ" ಎಂದರು. ಶನಿವಾರ ಹೋಗಿ ಜೊತೆಗೆ ನಡೆದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಇಂಥ ಬ್ಯಾಂಡ್ ಹೆಜ್ಜೆ ಎಣಿಸುವುದು ಕೈಯ ಅಲುಗಾಟದಿಂದ. ಕೈ ಬೀಸದಿದ್ದರೆ ಎಷ್ಟೋ ಹೆಜ್ಜೆ ಲೆಕ್ಕಕ್ಕೇ ಬರಲ್ಲ. ಕೈ ಬಿಟ್ಟು ನಡೆದ ದಿನವೇ ಅಂಕಿ ಮೊದಲಿನಂತಾಯ್ತು.

ಬಡಿತದ ಅಂಕಿಯನ್ನು ನಾವು ಜಾಸ್ತಿ ನೋಡುವುದಿಲ್ಲ. ಬಡಿತ ಇಳಿಸುವ ಮಾತ್ರೆ ತಗೊಳ್ಳುವವರಿಗೆ ಎಷ್ಟು ದಣಿದರೂ ಅದು ಅಷ್ಟಾಗಿ ಏರುವುದಿಲ್ಲ. ನಡೆಯುತ್ತಾ ಮಾತಾಡಲು ಆಗುತ್ತದಾ, ಅದನ್ನು ನೋಡಿ ಎಂದಿದ್ದಾರೆ ಮೇಡಂ.

ಭಾನುವಾರ ಬೆಳಿಗ್ಗೆ ಮಾತ್ರ ಆರು ನಿಮಿಷದ ನಡಿಗೆ ತಪ್ಪಿಸುವುದಿಲ್ಲ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಲು ಆಗುತ್ತದೆ ಎಂದು ಆಸ್ಪತ್ರೆಗಳಲ್ಲಿ 30 ಮೀಟರ್ ನೇರ ದಾರಿಯಲ್ಲಿ ನೋಡುತ್ತಾರಲ್ಲ, ಅದೇ. ನಮ್ಮ ಗೇಟಿನಿಂದ ಬೇವಿನ ಮರದ ಕಡೆಗೆ ಟೇಪು ಹಿಡಿದು 30 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಎಳೆದಿದ್ದೇವೆ. ಅವ್ವ ಕಟ್ಟೆಯ ಮೇಲೆ ಕೂತು, ಅಪ್ಪ ಒಂದೊಂದು ಸಲ ತಿರುಗಿದಾಗಲೂ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕುತ್ತಾರೆ. ಮೊದಲ ಭಾನುವಾರ 260 ಮೀಟರ್ ಇತ್ತು. ಎಂಟನೇ ತಿಂಗಳಿಗೆ 390.

ಆಮೇಲೆ ಒಂದು ವಾರ ಗ್ರಾಫಿನಲ್ಲಿ ಏನೋ ಬೇರೆ ಕಂಡಿತು. ಹೆಜ್ಜೆ ಅಷ್ಟೇ ಇವೆ, ಆದರೆ 30 ನಿಮಿಷಕ್ಕೆ ಮುಗಿಯುತ್ತಿದ್ದ ಎರಡು ಸುತ್ತಿಗೆ 45 ನಿಮಿಷ ಹಿಡಿಯುತ್ತಿದೆ. ನಡುನಡುವೆ ನಿಲ್ಲುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಆ ಭಾನುವಾರ 340 ಮೀಟರ್ ಬಂತು. ಹತ್ತು ಮೀಟರ್ ಹೆಚ್ಚುಕಡಿಮೆ ಆದರೆ ಚಿಂತೆ ಇಲ್ಲ, 30 ಮೀಟರಿನಷ್ಟು ಇಳಿದರೆ ತಕ್ಷಣ ತಿಳಿಸಿ ಎಂದು ಮೇಡಂ ಮೊದಲೇ ಹೇಳಿದ್ದರು. ಅವ್ವನಿಗೆ ಅಪ್ಪನ ಕಾಲು ನೋಡಲು ಹೇಳಿದೆ. ಕಾಲುಚೀಲದ ಗುರುತು ಆಳವಾಗಿ ಬಿದ್ದಿತ್ತು. ಮರುದಿನವೇ ಡಾಕ್ಟರ್ ಹತ್ತಿರ ಹೋದರು. ಮೈಯಲ್ಲಿ ನೀರು ತುಂಬುತ್ತಿತ್ತು, ಮಾತ್ರೆ ಬದಲಾಯಿಸಿದರು. ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲದ ಮನುಷ್ಯ ನಮ್ಮಪ್ಪ. ಈ ಒಂದು ವಾರಕ್ಕಾಗಿಯೇ ಬ್ಯಾಂಡಿಗೆ ಕೊಟ್ಟ ದುಡ್ಡು ಸಾರ್ಥಕ ಅನಿಸಿತು.

ತೊಂದರೆಗಳೂ ಇವೆ. ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ನಿಲ್ಲಿಸಿಬಿಡುತ್ತದೆ, ಆಗ ನನಗೆ ಎರಡು ದಿನ ಏನೂ ಕಾಣಲ್ಲ. ಸೆಟ್ಟಿಂಗ್ಸಿನಲ್ಲಿ ಆ್ಯಪಿಗೆ ಅನುಮತಿ ಕೊಟ್ಟ ಮೇಲೆ ಸರಿಯಾಯ್ತು. ಬೇಸಿಗೆಯ ಬೆವರಿಗೆ ಪಟ್ಟಿಯ ಕೆಳಗೆ ತುರಿಕೆ, ಅದಕ್ಕೆ ಬಟ್ಟೆಯ ಪಟ್ಟಿ ಹಾಕಿಸಿದೆವು. ಆ್ಯಪ್ ಕನ್ನಡದಲ್ಲಿಲ್ಲ, ಅವ್ವನಿಗೆ ಅದನ್ನು ಓದಲು ಬರುವುದಿಲ್ಲ. ಇದೊಂದಕ್ಕೆ ನನಗೆ ನಿಜಕ್ಕೂ ಬೇಜಾರಿದೆ.

ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ನಿಮ್ಮ ಮನೆಯವರು ವಾಕರ್ ಹಿಡಿದು ನಡೆಯುವವರಾದರೆ ಇದನ್ನು ತರಬೇಡಿ, ಸೊಂಟಕ್ಕೋ ಪಾದದ ಗಂಟಿಗೋ ಕಟ್ಟುವಂಥದ್ದನ್ನು ಕೇಳಿ ನೋಡಿ.