ರಿಮೋಟ್ ಡೆಸ್ಕ್‌ಟಾಪ್: ಕೆಲಸ ಚೆನ್ನ, ‘ಯಾರೋ ಬಂದರು’ ಅನ್ನೋ ಡಬ್ಬಿಯದೇ ಕಾಟ

ರಾಯಚೂರಿನ ರಾಜೇಂದ್ರ ಗಂಜ್‌ನ ಕೆಲವು ದಲ್ಲಾಳಿ ಅಂಗಡಿಗಳ ಲೆಕ್ಕ ನಾನೇ ಬರೆಯುತ್ತೇನೆ, ಮನೆಯಿಂದಲೇ. ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸಲು ವಿಂಡೋಸ್‌ನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್ ನಮಗೆ ಆಗಿಬರಲಿಲ್ಲ. ವಿಂಡೋಸ್‌ನ ಹೋಮ್ ಆವೃತ್ತಿ ಇರುವ ಕಂಪ್ಯೂಟರ್‌ಗೆ ಅದರಲ್ಲಿ ಹೊರಗಿನಿಂದ ಹೋಗಲು ಬರುವುದಿಲ್ಲ. ಪ್ರೊ ಇದ್ದರೆ ಇನ್ನೊಂದು ತೊಂದರೆ: ನಾನು ಒಳಗೆ ಹೋದ ಕೂಡಲೇ ಅಲ್ಲಿ ಕೂತವರ ಸ್ಕ್ರೀನ್ ಲಾಕ್. ಗುಮಾಸ್ತರು ಪಟ್ಟಿ ಹೊಡೆಯುವಾಗ ಹಾಗಾದರೆ ಎದುರಿಗೆ ನಿಂತ ರೈತರು ಸುಮ್ನೆ ಬಿಡ್ತಾರಾ? ಅದಕ್ಕೇ ಇಬ್ಬರೂ ಒಂದೇ ಸ್ಕ್ರೀನ್ ನೋಡುವಂಥ ಬೇರೆ ಸಾಫ್ಟ್‌ವೇರ್ ತೆಗೆದುಕೊಂಡೆ, ವರ್ಷದ ಚಂದಾ ಕಟ್ಟಿ.

ವೇಗ, ಫೈಲ್ ಕಳಿಸುವುದು ಎಲ್ಲ ಸರಿಯಾಗಿದೆ. ನನ್ನ ಜಗಳ, ಯಾರಾದರೂ ಕನೆಕ್ಟ್ ಆದಾಗ ಸ್ಕ್ರೀನ್ ಮೇಲೆ ಏಳುವ ಆ ಡಬ್ಬಿಯ ಜೊತೆ.

ಬೆಳಿಗ್ಗೆ ಮಂಡಾಳ ಒಗ್ಗರಣಿ, ಮಿರ್ಚಿ ಮುಗಿಸಿ, ಎರಡನೇ ಚಹಾ ಪಕ್ಕಕ್ಕಿಟ್ಟುಕೊಂಡು ಮೊದಲ ಅಂಗಡಿಗೆ ಕನೆಕ್ಟ್ ಆಗುತ್ತೇನೆ. ಗಂಜ್‌ನಲ್ಲಿ ಆಗಿನ್ನೂ ಕಸ ಹೊಡೆಯುತ್ತಿರುತ್ತಾರೆ. ಹಿಂದಿನ ದಿನದ ಪಟ್ಟಿ, ಹಮಾಲಿ, ಬ್ಯಾಂಕ್ ಎಲ್ಲ ತಾಳೆ ನೋಡಲು ಅದೇ ಒಳ್ಳೆಯ ಹೊತ್ತು. ಯಾರ ಫೋನೂ ಇಲ್ಲ. ಹತ್ತಿ ಗಾಡಿಗಳು ಬರತೊಡಗಿದ ಮೇಲೆ ಶುರು.

ನಾನು ಕನೆಕ್ಟ್ ಆದಾಗೆಲ್ಲ ಅಂಗಡಿಯ ಸ್ಕ್ರೀನಿನ ಬಲಗಡೆ ಕೆಳಮೂಲೆಯಲ್ಲಿ ‘ಇಂಥವರು ಬಂದಿದ್ದಾರೆ’ ಅಂತ ಡಬ್ಬಿ ಏಳುತ್ತದೆ. ಅಂಗಡಿಯಲ್ಲಿ ಲೆಕ್ಕ ಬರೆಯಲು ಇರುವುದು ಹಳೆಯ ಟ್ಯಾಲಿ ಸಾಫ್ಟ್‌ವೇರ್. ಅದು ವೋಚರ್ ಉಳಿಸಲೇ ಅಂತ ‘ಯೆಸ್ ಆರ್ ನೋ’ ಕೇಳುವುದೂ ಅದೇ ಮೂಲೆಯಲ್ಲಿ! ಗುಮಾಸ್ತರು ವೈ ಒತ್ತುತ್ತಾರೆ, ಅದು ಡಬ್ಬಿಯ ಪಾಲು. ವೋಚರ್ ಉಳಿದಿರುವುದಿಲ್ಲ. ತಕ್ಷಣ ಫೋನ್: “ಅಕ್ಕಾರ, ಮತ್ತ ಬಂತ್ ನೋಡ್ರಿ ನಿಮ್ಮ ಡಬ್ಬಿ.”

ಒಂದು ಸಲಕ್ಕಾದರೆ ತಡೆದುಕೊಳ್ಳಬಹುದಿತ್ತು. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಥರ್ಮಲ್ ಸ್ಟೇಷನ್ ಇಟ್ಟುಕೊಂಡೂ ಬೇಸಿಗೆಯಲ್ಲಿ ನಮ್ಮ ಓಣಿಯ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ರೌಟರ್ ಆರಿ ಹತ್ತಿದಾಗೆಲ್ಲ ಅಲ್ಲಿ ‘ಹೋದರು’, ‘ಬಂದರು’. ನನ್ನ ಮೊಬೈಲ್‌ಗೂ ಒಂದೊಂದು ಮೇಲ್. ವಿಂಡೋಸ್‌ನ ‘ಡು ನಾಟ್ ಡಿಸ್ಟರ್ಬ್’ ಹಾಕಿಸಿ ನೋಡಿದೆ, ಜಗ್ಗಲಿಲ್ಲ. ಈ ಡಬ್ಬಿಯನ್ನು ಸಾಫ್ಟ್‌ವೇರ್ ತಾನೇ ಮೂಡಿಸುತ್ತದೆ, ವಿಂಡೋಸ್‌ನ ಮಾತು ಅದಕ್ಕೆ ತಾಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಇರುವುದು ಆನ್ ಮತ್ತು ಆಫ್ ಎರಡೇ. ಲೈನ್ ಕಡಿದು ಅದೇ ಮನುಷ್ಯ ವಾಪಸ್ ಬಂದರೆ ಸುಮ್ಮನಿರು ಅನ್ನುವ ಆಯ್ಕೆಯೇ ಇಲ್ಲ. ದುಡ್ಡು ಕೊಡುವವರಿಗೂ ಇಷ್ಟು ಕೊಡಲಾಗದಾ?

ಆಫ್ ಮಾಡಿಬಿಡಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ‘ಕನೆಕ್ಟ್ ಆಗಿದೆ’ ಅಂತ ಮೇಲ್ ಬಂತು. ನಾನಂತೂ ಅಲ್ಲ. ಸಾಹುಕಾರರಿಗೆ ಫೋನ್ ಹಚ್ಚಿದರೆ, ಅವರ ಅಳಿಯ ಬೆಂಗಳೂರಿನಿಂದ ಅದೇ ಪಾಸ್‌ವರ್ಡ್ ಹಾಕಿ ಬಾಕಿ ಪಟ್ಟಿ ನೋಡುತ್ತಿದ್ದರಂತೆ. ಮನೆಯವರೇ, ಸರಿ. ಹೊರಗಿನವರಾಗಿದ್ದರೆ? ಇಂಥ ಆ್ಯಪ್ ಹಾಕಿಸಿಕೊಂಡು ಖಾತೆ ಖಾಲಿ ಮಾಡುತ್ತಾರೆ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆ ಕಂಪ್ಯೂಟರ್‌ನಲ್ಲಿ ಸಾಹುಕಾರರ ನೆಟ್ ಬ್ಯಾಂಕಿಂಗ್ ಕೂಡ ಇದೆ. ಮರುದಿನವೇ ನನಗೂ ಅವರ ಅಳಿಯನಿಗೂ ಬೇರೆ ಬೇರೆ ಲಾಗಿನ್ ಮಾಡಿಸಿದೆ. ಈಗ ಡಬ್ಬಿಯಲ್ಲಿ ಯಾರ ಹೆಸರು ಅಂತ ಗುಮಾಸ್ತರೇ ಓದಿ ಹೇಳುತ್ತಾರೆ.

ಹಾಗಂತ ಸಿಟ್ಟೇನೂ ಇಳಿದಿಲ್ಲ. ವಿಎನ್‌ಸಿ ಅನ್ನುವ, ಇಂಥದೇ ಕೆಲಸದ ಇನ್ನೊಂದು ಬಗೆಯ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಯಾರಾದರೂ ಒಳಗಿದ್ದರೆ ಗಡಿಯಾರದ ಹತ್ತಿರದ ಪುಟ್ಟ ಐಕಾನ್ ಬಣ್ಣ ಬದಲಿಸುತ್ತದೆ. ಕೆಲಸಕ್ಕೆ ಅಡ್ಡ ಬರುವುದಿಲ್ಲ. ಇದರಲ್ಲೂ ಅಷ್ಟು ಮಾಡಿ, ಮೇಲ್ ಹಾಗೇ ಇಟ್ಟರೆ ಸಾಕಿತ್ತು.

ಒಬ್ಬರೇ ಬಳಸುವ ಮನೆ ಕಂಪ್ಯೂಟರ್‌ಗೆ ಧಾರಾಳವಾಗಿ ತೆಗೆದುಕೊಳ್ಳಿ. ಜನ ಕೂತು ಬಿಲ್ ಹೊಡೆಯುವ ಅಂಗಡಿಗಾದರೆ ಮೊದಲು ಟ್ರಯಲ್ ಹಾಕಿ, ಆ ಮೂಲೆ ನೋಡಿಕೊಳ್ಳಿ. ನನ್ನ ಚಂದಾ ಮುಗಿಯುವುದು ಮಾರ್ಚ್‌ನಲ್ಲಿ. ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ಸಾಫ್ಟ್‌ವೇರ್ ಬದಲಿಸುವ ಧೈರ್ಯ ನನಗಿಲ್ಲ. ಬೈಕೊಂಡೇ ಕಟ್ಟುತ್ತೇನೆ.