ಕನ್ನಡದಲ್ಲಿ ಬಂದ ಲಿವರ್ ರಿಪೋರ್ಟು: ಸೂಜಿಗೆ ನಾಲ್ಕು ಸ್ಟಾರ್, ಪದಗಳಿಗೆ ಎರಡು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬೊಂದು ಎಲ್‌ಎಫ್‌ಟಿ (ಲಿವರಿನ ಸ್ಥಿತಿ ನೋಡುವ ರಕ್ತಪರೀಕ್ಷೆ) ರಿಪೋರ್ಟಿನ ಜೊತೆ ಒಂದು ಪುಟ ಕನ್ನಡ ವಿವರಣೆಯನ್ನೂ ಕಳಿಸುತ್ತಿದೆ. ಯೋಚನೆ ಒಳ್ಳೆಯದೇ. ರಿಪೋರ್ಟು ಡಾಕ್ಟರ ಕೈ ಸೇರುವಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಜನ ನೆಂಟರನ್ನು ದಾಟಿರುತ್ತದೆ, ಅವರು ಓದುವುದು ಈ ಪುಟವನ್ನೇ.

ಸೂಜಿ ಕೆಲಸದಲ್ಲಿ ದೂರಲು ಹೆಚ್ಚಿಲ್ಲ. ಹಳದಿ ಮುಚ್ಚಳದ ಜೆಲ್ ಟ್ಯೂಬಿಗೆ 3 ಎಂಎಲ್‌ನಷ್ಟು ರಕ್ತ ತುಂಬಿ, ಐದಾರು ಸಲ ಮೆಲ್ಲಗೆ ಮಗುಚಿ, ಹೆಪ್ಪುಗಟ್ಟಲೆಂದು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸುತ್ತಾರೆ. ಆಮೇಲೆ ಕಪ್ಪು ಕವರು ಸುತ್ತುತ್ತಾರೆ. ಅದು ಶಾಸ್ತ್ರಕ್ಕಲ್ಲ. ರಕ್ತದಲ್ಲಿರುವ ಹಳದಿ ಬಣ್ಣದ ವಸ್ತು ಬಿಲಿರುಬಿನ್‌ಗೆ ಬೆಳಕು ಆಗಿಬರುವುದಿಲ್ಲ. ನೇರ ಬಿಸಿಲಿನಲ್ಲಿ ಒಂದು ಗಂಟೆ ಇದ್ದರೆ ಅಂಕಿ ಅರ್ಧದಷ್ಟು ಇಳಿದರೂ ಇಳಿಯಿತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬೈಕು ಬಿಸಿಲು ಕಾಯುವ ಊರಿದು, ಕವರು ಬೇಕೇ ಬೇಕು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದೋ, ಟ್ಯೂಬು ಕುಲುಕಿಯೋ ಕೆಂಪು ರಕ್ತಕಣ ಒಡೆದರೆ, ಲಿವರಿನಲ್ಲೂ ಕೆಂಪುಕಣದಲ್ಲೂ ಇರುವ ಕಿಣ್ವ ಎಸ್‌ಜಿಒಟಿ ಸುಳ್ಳೇ ಏರುತ್ತದೆ. ಆಗ ರಿಪೋರ್ಟಿನ ಅಡಿಯಲ್ಲಿ ‘ಹಿಮೊಲೈಸ್ಡ್’ ಎಂದು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ, ಕನ್ನಡ ಪುಟದಲ್ಲಿ ಸುಳಿವೇ ಇಲ್ಲ. ಆ ಪದ ಕಂಡರೆ ಮತ್ತೊಮ್ಮೆ ರಕ್ತ ತೆಗೆಸಿ.

ಇನ್ನು ಪದಗಳು. ಡೈರೆಕ್ಟ್ ಬಿಲಿರುಬಿನ್‌ಗೆ ‘ನೇರ’, ಇನ್‌ಡೈರೆಕ್ಟ್‌ಗೆ ‘ಪರೋಕ್ಷ’ ಎಂದಿದ್ದಾರೆ. ನಿಘಂಟಿಗೆ ಸರಿ, ಓದುವವರಿಗೆ ಶೂನ್ಯ. ಈ ಹೆಸರುಗಳು ಹುಟ್ಟಿದ್ದೇ ಪ್ರನಾಳದಲ್ಲಿ: ಡಯಜೋ ದ್ರಾವಣ ಬೆರೆಸಿದ ಕೂಡಲೇ ಬಣ್ಣ ಕಟ್ಟಿದ್ದು ಡೈರೆಕ್ಟ್, ಬಣ್ಣ ಕಟ್ಟಲು ಆಲ್ಕೋಹಾಲಿನ ಒತ್ತಾಸೆ ಬೇಕಾದದ್ದು ಇನ್‌ಡೈರೆಕ್ಟ್. ಮೈಯೊಳಗಿನ ಲೆಕ್ಕ ಬೇರೆ. ಹಳೆಯ ಕೆಂಪುಕಣ ಒಡೆದು ಬರುವ ಬಿಲಿರುಬಿನ್ ನೀರಿನಲ್ಲಿ ಕರಗದು, ಅದು ಇನ್‌ಡೈರೆಕ್ಟ್. ಲಿವರ್ ಅದಕ್ಕೆ ಗ್ಲುಕುರೋನಿಕ್ ಆಮ್ಲ ಅಂಟಿಸಿ ಕರಗುವಂತೆ ಮಾಡಿದರೆ ಡೈರೆಕ್ಟ್. ‘ಲಿವರ್ ಹದ ಮಾಡುವ ಮುಂಚಿನದು’, ‘ಹದ ಮಾಡಿದ್ದು’ ಎಂದು ಬರೆದಿದ್ದರೆ ಮುಂದಿನದು ತಾನಾಗಿ ಹೊಳೆಯುತ್ತಿತ್ತು. ಕರಗುವುದು ಮಾತ್ರ ಮೂತ್ರದಲ್ಲಿ ಇಳಿಯುತ್ತದೆ. ಮೂತ್ರ ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಮಲ ಜೇಡಿಮಣ್ಣಿನಂತೆ ಬಿಳಿಚಿ, ಮೈಯೆಲ್ಲ ತುರಿಕೆ ಎದ್ದರೆ ಪಿತ್ತನಾಳ ಎಲ್ಲೋ ಕಟ್ಟಿದೆಯೆಂಬ ಅನುಮಾನ. ಆಗ ನೋಡಬೇಕಾದ್ದು ಪಿತ್ತನಾಳ ಕಟ್ಟಿದಾಗ ಏರುವ ಕಿಣ್ವಗಳಾದ ಎಎಲ್‌ಪಿ, ಜಿಜಿಟಿ ಸಾಲುಗಳನ್ನು. ವೈರಸ್ಸಿನ ಹೆಪಟೈಟಿಸ್ ಆದರೆ 40ರ ಆಸುಪಾಸಿನಲ್ಲಿರಬೇಕಾದ ಲಿವರ್ ಕಿಣ್ವ ಎಸ್‌ಜಿಪಿಟಿ ಸಾವಿರ ದಾಟುವುದುಂಟು.

‘ಒಟ್ಟು ಬಿಲಿರುಬಿನ್ 1.2 ಮೀರಿದರೆ ಕಾಮಾಲೆ ರೋಗ’ ಎಂಬ ಸಾಲನ್ನಂತೂ ಕಿತ್ತುಹಾಕಬೇಕು. ಕಾಮಾಲೆ ಲಕ್ಷಣ, ರೋಗ ಅದರ ಹಿಂದೆ ಇರುತ್ತದೆ. ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುವುದೇ ಸಾಮಾನ್ಯವಾಗಿ ಡೆಸಿಲೀಟರಿಗೆ 2ರಿಂದ 3 ಮಿಲಿಗ್ರಾಂ ಹೊತ್ತಿಗೆ. ಗಿಲ್ಬರ್ಟ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಬಿಲಿರುಬಿನ್ ತುಸು ಏರುವ ಸ್ಥಿತಿ) ಇರುವವರು ಏಕಾದಶಿ ಉಪವಾಸ ಮಾಡಿದರೆ ಸಾಕು, ಇನ್‌ಡೈರೆಕ್ಟ್ ಏರಿ ಒಟ್ಟು 1.8 ತೋರಿಸೀತು, ಉಳಿದ ಸಾಲುಗಳೆಲ್ಲ ಸರಿಯಿರುತ್ತವೆ, ಔಷಧಿ ಬೇಡ. ತಮಾಷೆಯೆಂದರೆ ಇದೇ ಲ್ಯಾಬಿನ ಆ್ಯಪು ಎಲ್‌ಎಫ್‌ಟಿಗೆ 12 ಗಂಟೆ ಹೊಟ್ಟೆ ಖಾಲಿ ಇರಿ ಎನ್ನುತ್ತದೆ. ಬರೀ ಎಲ್‌ಎಫ್‌ಟಿಗೆ ಅದರ ಅಗತ್ಯವಿಲ್ಲ.

ಹಸುಗೂಸಿನ ರಿಪೋರ್ಟಿಗೂ ಇದೇ ದೊಡ್ಡವರ ಮಿತಿಯನ್ನು ಅಚ್ಚು ಹಾಕುವುದು ದೊಡ್ಡ ತಪ್ಪು. ಮಗುವಿನ ಬಿಲಿರುಬಿನ್ ಅಳೆಯುವುದು ಹುಟ್ಟಿ ಎಷ್ಟು ಗಂಟೆಯಾಯಿತು, ತಿಂಗಳು ತುಂಬಿ ಹುಟ್ಟಿತೇ ಎಂಬುದರ ಮೇಲೆ. ಹುಟ್ಟಿದ 24 ಗಂಟೆಯೊಳಗೇ ಹಳದಿಯಾದರೆ, ಅಥವಾ ಎರಡು ವಾರವಾದರೂ ಹಳದಿ ಹೋಗದೆ ಮಲ ಬಿಳಿಚಿಕೊಂಡಿದ್ದರೆ, ರಿಪೋರ್ಟು ಹಿಡಿದು ಯೋಚಿಸುತ್ತ ಕೂರದೆ ಮಕ್ಕಳ ಡಾಕ್ಟರ ಹತ್ತಿರ ಹೊರಡಿ.

‘ಯಕೃತ್ತಿನ ಕಾರ್ಯ ಪರೀಕ್ಷೆ’ ಎಂಬ ತಲೆಬರಹಕ್ಕೂ ಒಂದು ತಕರಾರು. ಎಸ್‌ಜಿಪಿಟಿ ಹೇಳುವುದು ಲಿವರಿಗೆ ಬಿದ್ದ ಪೆಟ್ಟನ್ನು. ಅದು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಲಿವರೇ ತಯಾರಿಸುವ ಪ್ರೋಟೀನು ಆಲ್ಬುಮಿನ್ ನಿಧಾನವಾಗಿ ಹೇಳಿದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಅಳೆಯುವ ಪಿಟಿ-ಐಎನ್‌ಆರ್ ಬೇಗ ಹೇಳುತ್ತದೆ. ಪಿಟಿ-ಐಎನ್‌ಆರ್ ಈ ಪ್ಯಾಕೇಜಿನಲ್ಲಿಲ್ಲ. ಡಾಕ್ಟರು ಅದನ್ನೂ ಬರೆದಿದ್ದರೆ ನೀಲಿ ಮುಚ್ಚಳದ ಟ್ಯೂಬು ತರಲು ಬುಕ್ ಮಾಡುವಾಗಲೇ ಹೇಳಿ, ಗೆರೆಯವರೆಗೆ ತುಂಬಿದರೇ ಎಂದು ಕಣ್ಣಾರೆ ನೋಡಿ. ಒಳಗಿರುವ, ಹೆಪ್ಪುಗಟ್ಟದಂತೆ ತಡೆಯುವ ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ ಸೇರದಿದ್ದರೆ ಐಎನ್‌ಆರ್ ಸುಮ್ಮಸುಮ್ಮನೆ ಏರಿ ಕೂರುತ್ತದೆ.